ಕುಂಡದ ಹುಲ್ಲು

ಇಟ್ಟೊ ಕಿತ್ತ ಹುಲ್ಲೆಸಳಿನ ಬುಡದಲ್ಲಿ ಒಂದು ಬೀಜ ನೇತಾಡುತ್ತಿತ್ತು. ಹೋದ ವರ್ಷ ಗಂಡ ಬಾಸ್ಸು ಊರಿದ್ದ ಬೀಸಣಿಗೆ ತಾಳೆಯ ಬೀಜ.

ಅಟ್ಲಾಸ್ ಬೆಟ್ಟದ ಹಿಮಕ್ಕೂ ಜಗ್ಗದ ಆ ತಾಳೆಯ ಗರಿಯಲ್ಲಿ ಬುಟ್ಟಿ ಹೆಣೆದೇ ಬದುಕಿದವನು ಅವನು. ಬೋಳಾದ ಇಳಿಜಾರಿನಲ್ಲಿ ಮತ್ತೆ ನೆಡಲೆಂದು ಕುಂಡದಲ್ಲಿ ಹನ್ನೊಂದು ಬೀಜ ಹಾಕಿ, ಹಾಸಿಗೆ ಹಿಡಿದಿದ್ದ. ಮೊಳಕೆ ಪುಟ್ಟ ಬೀಸಣಿಗೆಯಂತೆಯೇ ಬಿಚ್ಚಿಕೊಳ್ಳುತ್ತದೆಂದು ಇಟ್ಟೊ ಕಾಯುತ್ತಿದ್ದಳು. ವಾರದಿಂದ ಎದ್ದ ಎಸಳುಗಳನ್ನೆಲ್ಲ ಹುಲ್ಲೆಂದು ಚಿವುಟಿ ಮೇಕೆಗೆ ಹಾಕಿದ್ದಳು. ಇಂದು ಮಣ್ಣು ಹಸಿಯಿದ್ದುದರಿಂದ ಕೊನೆಯದು ಬೀಜಸಮೇತ ಬಂದಿತ್ತು.

"ಏನಾದ್ರೂ ಬಂತೇನೇ?" ಒಳಗಿನಿಂದ ಬಾಸ್ಸು ಕೆಮ್ಮುತ್ತ ಕೇಳಿದ.

ಇಟ್ಟೊ ಬೀಜವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಇಲ್ಲ. ಬರೀ ಹುಲ್ಲು."

ಒಳಗೆ ಅವನು ನಕ್ಕದ್ದು ಕೇಳಿಸಿತು. ಎಷ್ಟೋ ತಿಂಗಳಿಂದ ನಕ್ಕಿರಲಿಲ್ಲ. "ಹುಚ್ಚಿ, ಅದೇ ಕಣೇ ತಾಳೆ. ಮೊದಲ್ನೇ ಎಲೆ ಹುಲ್ಲಿನ ಥರಾನೇ ಇರೋದು. ಎಷ್ಟು ಬಂದಿದೆ, ಎಣಿಸು."

ಬೋಳು ಕುಂಡದ ಮುಂದೆ ಕುಳಿತು, ಅವನಿಗೆ ಕೇಳಿಸುವಂತೆ, ಇಟ್ಟೊ ಹನ್ನೊಂದರವರೆಗೂ ಎಣಿಸಿದಳು.