ಜೀರ್ಜಿಂಬೆ ಕೂತ ಟ್ಯಾಂಕು

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಬಲಗಿವಿ ಬಿಸಿಯಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಕಾದಾಡಿ ಬಂದಿದ್ದ ಸೋದರಮಾವ, ನಾನು ಚಿಕ್ಕವಳಿದ್ದಾಗ ಒಂದು ಬೇಸಗೆಯೆಲ್ಲ ಶಿಕಾರಿಪುರದ ನಮ್ಮ ಪಡಸಾಲೆಯಲ್ಲಿ ಕೂತು ಜರ್ಮನ್ ಟ್ಯಾಂಕಿನ ಮಾದರಿ ಮಾಡುತ್ತಿದ್ದ. ಸೀಮೆಎಣ್ಣೆ ಡಬ್ಬದ ತಗಡು ಅದರ ಮೈ, ಸೈಕಲ್ ಚೈನು ಅದರ ಪಟ್ಟಿ, ಮುರಿದ ಕೊಡೆಯ ಕೊಳವೆ ಅದರ ತೋಪು. ಅಸಲಿ ಟ್ಯಾಂಕಿನ ಗಾರೆ ಮೈ ಬರಲೆಂದು ಹುಣಸೆಬೀಜದ ಅಂಟಿಗೆ ಬೂದಿ ಕಲಸಿ ಮೆತ್ತಿ, ಅಜ್ಜಿಯ ಬಾಚಣಿಗೆಯಿಂದ ಗೆರೆ ಎಳೆದಿದ್ದ. ಸವರಿದರೆ ಓತಿಕ್ಯಾತದ ಬೆನ್ನಿನಂತೆ ತರಿತರಿ. ಎಷ್ಟು ತಿದ್ದಿದರೂ "ಏನೋ ಕಮ್ಮಿ ಐತಿ" ಎಂದು ಗೊಣಗುತ್ತಿದ್ದ.

"ಡ್ರೈವರ್ ಬ್ಯಾಡೇನ್ ಮಾವ?" ಎಂದೆ. ಉಡುತಡಿಯ ಜಾಲಿಗಿಡದಲ್ಲಿ ಸಿಕ್ಕಿದ್ದ ನನ್ನ ಜೀರ್ಜಿಂಬೆ ಬೆಂಕಿಪೊಟ್ಟಣದಲ್ಲಿತ್ತು. ಹಸಿರು ಮಿರುಗುವ ಆ ಹುಳುವನ್ನು ಅವನ ಅಂಗೈ ಮೇಲೆ ಬಿಟ್ಟೆ. ಸ್ವಲ್ಪ ಹೊತ್ತು ಆಡಿಸಿ ಕೊಡುತ್ತಾನೆ ಅಂದುಕೊಂಡಿದ್ದೆ. ಅವನು ಅದನ್ನು ಒಳಗಿಳಿಸಿ, ಮುಚ್ಚಳ ಒತ್ತಿ, ಕೆಂಡದಲ್ಲಿ ಕಾದಿದ್ದ ಕಬ್ಬಿಣ ಎತ್ತಿಕೊಂಡು ಸುತ್ತಲೂ ಬೆಸುಗೆ ಹಾಕಿಬಿಟ್ಟ.

"ಮೂಕ ಜೀವ ಕಣೋ, ತೆಗಿಯೋ," ಎಂದಳು ಅಜ್ಜಿ.

"ಇಟಲೀಲೂ ನಮ್ಮೋನೊಬ್ಬ ಹಿಂಗೇ ತೆಗೀರಿ ಅಂದಿದ್ದ ಅವ್ವ. ನಾವು ಟ್ಯಾಂಕಿನ ಮುಚ್ಚಳ ತೆಗೀಲಿಲ್ಲ."

ನಾನು ಅಳತೊಡಗಿದೆ. ಮಾವ ನನ್ನ ತಲೆ ಹಿಡಿದು ಬಿಸಿ ತಗಡಿಗೆ ಬಲಗಿವಿ ಒತ್ತಿಸಿದ. "ಅಳಬ್ಯಾಡ ಪುಟ್ಟಿ, ಕೇಳು. ಆ ಜರ್ಮನ್ ಟ್ಯಾಂಕಿನೊಳಗೆ ಸಿಕ್ಕೊಂಡಿದ್ದೋರೂ ಹಿಂಗೇ ಕೆರೀತಿದ್ರು."

ಅದು ಸಂಜೆಯವರೆಗೂ ಕೆರೆಯುತ್ತಲೇ ಇತ್ತು. ಕೆರೆತ ನಿಂತ ಮೇಲೆ ಮಾವ ಟ್ಯಾಂಕನ್ನು ಎತ್ತಿ ಅಲ್ಲಾಡಿಸಿದ. ಒಳಗೆ ಹುಣಸೆಬೀಜ ಉರುಳಿದಂಥ ಸದ್ದಾಯಿತು.

"ಈಗ ಥೇಟ್ ಅದೇ ಆತು ನೋಡು," ಎಂದ.