ಅರ್ಧ ಇಂಚು

ತಂಗಿ ತಾನೇ ಅಚ್ಚು ಹಾಕಿಸಲಿರುವ ಹೊಲಿಗೆ ಪುಸ್ತಕದ ಕರಡಿನಲ್ಲಿ ಮಗುವಿನ ಅಂಗಿಯ ತೋಳಿನ ಅಳತೆ ತಪ್ಪಾಗಿತ್ತು. ಅಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅದರ ಕೆಳಗೆ ಗೆರೆ ಎಳೆದಳು. ತಂಗಿ ಇತ್ತ ತಿರುಗುವಷ್ಟರಲ್ಲಿ ಹೆಬ್ಬೆರಳಿನಿಂದ ಒರೆಸಿಬಿಟ್ಟಳು.

ಹೊಲಿಗೆಗೆಂದು ಬಿಡಬೇಕಾದ ಅರ್ಧ ಇಂಚು ಅಲ್ಲಿರಲಿಲ್ಲ. ಹಾಗೇ ಕತ್ತರಿಸಿದರೆ ತೋಳು ಮಗುವಿನ ಕೈಗೆ ಬಿಗಿಯುತ್ತದೆ. ಇಪ್ಪತ್ತು ವರ್ಷ ಮಿಷನ್ ತುಳಿದವಳು ತಾನು. ರಕ್ಷಾಪುಟದ ಮೇಲೆ ಹೆಸರು ಮಾತ್ರ, ನೆಟ್ಟಗೆ ಒಂದು ಗುಂಡಿ ಹಚ್ಚಲು ಬಾರದ ತಂಗಿಯದು. ಹೀಗೇ ಅಚ್ಚಾಗಲಿ, ಓದಿದವರು ಆಡಿಕೊಳ್ಳಲಿ ಎಂದುಕೊಂಡು ಅಕ್ಕ ಪುಟ ತಿರುವಿದಳು.

“ಯಾಕೆ ಮುಖ ಗಂಟು ಹಾಕ್ಕೊಂಡಿದ್ದೀಯ?”

“ಏನಿಲ್ಲ. ಅಕ್ಷರ ಮುದ್ದಾಗಿದೆ.”

“ಅಕ್ಷರ ಬಿಡಕ್ಕಾ, ಅಳತೆ ಸರಿಯಿದ್ಯಾ? ನೀನು ಹೇಳಿಕೊಟ್ಟಿದ್ದನ್ನ ಒಂದೂ ಬಿಡದೆ ಬರೆದಿದ್ದೀನಿ. ನೀನು ಹೂಂ ಅಂದ್ರೆ ಈಗಲೇ ಪ್ರೆಸ್ಸಿಗೆ ಕೊಟ್ಟು ಬರ್ತೀನಿ. ಇನ್ಯಾರಿಗೂ ತೋರಿಸಲ್ಲ.”

ಅವಳು ಒಂದೂ ಬಿಟ್ಟಿರಲಿಲ್ಲ, ನಿಜ. ಆ ಅರ್ಧ ಇಂಚನ್ನು ಅಕ್ಕನೇ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಕಣ್ಣಳತೆಯಲ್ಲೇ ಬಿಟ್ಟು ಕತ್ತರಿಸುತ್ತಿದ್ದಳು. ಯಾರಾದರೂ ಕೇಳಿದರೆ ನಕ್ಕು ಮಾತು ಮರೆಸುತ್ತಿದ್ದಳು.

ಅಕ್ಕ ತಿರುವಿದ ಪುಟವನ್ನು ಹಿಂದಕ್ಕೆ ತಿರುಗಿಸಿ, ಪೆನ್ನಿಗಾಗಿ ಕೈ ಚಾಚಿದಳು.

“ಕೂತ್ಕೋ. ಇದೊಂದನ್ನ ನಾನು ನಿನಗೆ ಹೇಳಿಕೊಟ್ಟಿರಲಿಲ್ಲ.”