ಪಂಚಮಿಯ ಜೋಕಾಲಿ

"ಅಯ್ಯ, ಇಂವೆಂಥಾ ಅಣ್ಣ! ತಂಗಿ ಜೋಕಾಲ್ಯಾಗ ಕುಂತಾಳ, ಇಂವ ದೂರ ನಿಂತು ಚಪ್ಪಾಳಿ ಹೊಡಿಯಾಕತ್ತಾನ!" ಧಾರಾವಾಹಿಯ ಪಂಚಮಿ ಸಂಚಿಕೆ ನೋಡುತ್ತ ಮುದುಕವ್ವ ಟಿವಿಯನ್ನೇ ಬೈದಳು.

"ಕೊರೊನಾ ಐತಲ್ರೀ ಅತ್ತಿ, ಶೂಟಿಂಗ್‌ನಾಗ ಯಾರನ್ನೂ ಮುಟ್ಟಂಗಿಲ್ಲಂತ." ಸೊಸೆ ಮಂಗಲಾ ನಗಲು ಹೋಗಿ ಬಾಗಿಲ ಕಡೆ ನೋಡಿದಳು. ಮದುವೆಯಾದ ಮೇಲೆ ಅವಳಿಗಿದು ಮೊದಲ ಪಂಚಮಿ. ತವರಿಗೆ ಕರೆದೊಯ್ಯಬೇಕಿದ್ದ ಅಣ್ಣನ ಓಣಿ ಮೋಟೆಬೆನ್ನೂರಿನಲ್ಲಿ ಸೀಲ್‌ಡೌನ್ ಆಗಿತ್ತು.

ಮುದುಕವ್ವ ಎದ್ದು, ಮೆಣಸಿನಕಾಯಿ ಹೇರು ಬಿಗಿಯುವ ದಪ್ಪ ಹಗ್ಗ ತಂದು ಪಡಸಾಲೆಯ ತೊಲೆಗೆ ಕಟ್ಟಿದಳು. "ಕುಂದ್ರ. ನಮ್ಮನ್ಯಾಗ ಮುಟ್ಟಬ್ಯಾಡಂತ ಯಾರೂ ಹೇಳಿಲ್ಲ."

ಮುದುಕವ್ವ ಸೊಸೆಯ ಬೆನ್ನಿಗೆ ಕೈಕೊಟ್ಟು ತೂಗಿದಳು; ಜೋಕಾಲಿ ತೊಲೆಯ ಎತ್ತರಕ್ಕೆ ಏರಿತು. ಮಂಗಲಾಳ ನಗೆಯಲ್ಲಿ ಧಾರಾವಾಹಿಯ ಮಾತೇ ಕೇಳಲಿಲ್ಲ.

"ಸಾಕು, ಇಳಿ," ಎಂದ ಮುದುಕವ್ವ ಸೆರಗು ಸಿಕ್ಕಿಸಿಕೊಂಡು ತಾನೇ ಕುಳಿತಳು. "ನಮ್ಮಣ್ಣ ಹೋದ ಮ್ಯಾಲ ನನ್ನ ಯಾರೂ ತೂಗಿಲ್ಲ. ಜೋರ್ಲೆ ತೂಗು!"